ಕೋಶದ ಗೋಡೆಯೂ ಕಿಣ್ವದ ಕೆಲಸವೂ

ಚೆಂಡುಹೂವಿನ ಹಳದಿ ಬಣ್ಣ, ರಾಗಿಯ ಸಿಪ್ಪೆಯಲ್ಲಿ ಬಿಗಿದುಕೊಂಡಿರುವ ಫೆರುಲಿಕ್ ಆಮ್ಲ, ಬೆಳ್ಳುಳ್ಳಿಯ ಘಾಟು ತೈಲ, ಕಂದು ಕಡಲಕಳೆಯ ಫ್ಯೂಕಾಯ್ಡಾನ್ ಎಂಬ ಸಕ್ಕರೆಸರಪಳಿ ಮುಂತಾಗಿ ಆಹಾರಕ್ಕೂ ಔಷಧಕ್ಕೂ ಬೇಕಾದ ಅಸಂಖ್ಯ ಸಂಯುಕ್ತಗಳನ್ನು ಸಸ್ಯಗಳೂ ಪಾಚಿಗಳೂ ತಮ್ಮ ಅಗತ್ಯಕ್ಕಾಗಿ ತಯಾರಿಸಿಕೊಳ್ಳುತ್ತವೆ. ಅವು ಮನುಷ್ಯನಿಗೆ ದಕ್ಕಬೇಕಾದರೆ ಮೊದಲು ಜೀವಕೋಶದಿಂದ ಹೊರಬರಬೇಕು. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ದಾರಿಗಳು ಮೂರು: ಅರೆಯುವುದು, ಕುದಿಸುವುದು, ಮದ್ಯಸಾರ ಅಥವಾ ಪೆಟ್ರೋಲಿಯಂನಿಂದ ಬರುವ ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿಡುವುದು. ಮೂರೂ ಕೆಲಸ ಮಾಡುತ್ತವೆ, ಮೂರಕ್ಕೂ ಬೆಲೆ ತೆರಬೇಕಾಗುತ್ತದೆ. ಅರೆಯುವಾಗ ಹುಟ್ಟುವ ಬಿಸಿ ಮತ್ತು ತಾಗುವ ಗಾಳಿ ಸೂಕ್ಷ್ಮ ಪದಾರ್ಥಗಳನ್ನು ಕೆಡಿಸುತ್ತವೆ, ಕುದಿಸಿದಾಗ ಪರಿಮಳ ಹಾರಿಹೋಗುತ್ತದೆ, ದ್ರಾವಕವನ್ನಾದರೋ ಕೊನೆಯಲ್ಲಿ ಒಂದಿಷ್ಟೂ ಉಳಿಯದಂತೆ ಬೇರ್ಪಡಿಸಬೇಕು. ಕಳೆದ ಕೆಲವು ದಶಕಗಳಲ್ಲಿ ಇವುಗಳ ಜೊತೆಗೆ ನಾಲ್ಕನೆಯ ದಾರಿಯೊಂದು ಬೆಳೆದಿದೆ. ಕೋಶವನ್ನು ಒಡೆಯುವ ಬದಲು ಅದರ ಗೋಡೆಯನ್ನು ಕಿಣ್ವಗಳಿಂದ ಕರಗಿಸುವ ಈ ವಿಧಾನಕ್ಕೆ ಕಿಣ್ವನೆರವಿನ ನಿಷ್ಕರ್ಷಣೆ ಎಂದು ಹೆಸರು. ನಿಷ್ಕರ್ಷಣೆಯೆಂದರೆ ಬೇಕಾದ ಪದಾರ್ಥವನ್ನು ಮಾತ್ರ ಬೇರ್ಪಡಿಸಿ ತೆಗೆಯುವುದು.

ಪ್ರಾಣಿಯ ಜೀವಕೋಶಕ್ಕೆ ತೆಳ್ಳನೆಯ ಪೊರೆಯೊಂದೇ ಹೊದಿಕೆ. ಸಸ್ಯದ ಕೋಶಕ್ಕೆ ಆ ಪೊರೆಯ ಹೊರಗೆ ಇನ್ನೊಂದು ಗಟ್ಟಿ ಗೋಡೆಯಿದ್ದು, ಅದನ್ನು ಕೋಶಭಿತ್ತಿ ಎನ್ನುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಿದಿರಿನ ತಡಿಕೆ ಕಟ್ಟಿ ಅದಕ್ಕೆ ಮಣ್ಣು ಮೆತ್ತಿ ಎಬ್ಬಿಸುತ್ತಿದ್ದ ಗೋಡೆಯನ್ನು ನೆನೆದರೆ ಇದರ ರಚನೆ ಸುಲಭವಾಗಿ ತಿಳಿಯುತ್ತದೆ. ಬಿದಿರಿನ ಸೀಳುಗಳ ಸ್ಥಾನದಲ್ಲಿ ಸೆಲ್ಯುಲೋಸ್ ಎಂಬ ಗಟ್ಟಿ ಎಳೆಗಳಿರುತ್ತವೆ, ಅವನ್ನು ಬಿಗಿಯುವ ಬಳ್ಳಿಯ ಸ್ಥಾನದಲ್ಲಿ ಹೆಮಿಸೆಲ್ಯುಲೋಸ್ ಎಂಬ ಕವಲೊಡೆದ ಸಕ್ಕರೆಸರಪಳಿಗಳಿರುತ್ತವೆ, ಮೆತ್ತಿದ ಮಣ್ಣಿನ ಸ್ಥಾನದಲ್ಲಿ ಪೆಕ್ಟಿನ್ ಎಂಬ ಲೋಳೆ ತುಂಬಿಕೊಂಡಿರುತ್ತದೆ. ಹಣ್ಣಿನ ಜಾಮ್ ಗಟ್ಟಿಯಾಗುವುದು ಈ ಪೆಕ್ಟಿನ್ನಿನಿಂದಲೇ. ಮರದ ಭಾಗಗಳಲ್ಲಿ ಇವೆಲ್ಲದರ ಮೇಲೆ ಲಿಗ್ನಿನ್ ಎಂಬ ಇನ್ನಷ್ಟು ಹಟಮಾರಿ ಪದಾರ್ಥವೂ ಸೇರಿಕೊಳ್ಳುವುದರಿಂದ, ಕಿಣ್ವದ ವಿಧಾನವು ಹೂ, ಹಣ್ಣು, ಎಲೆ, ಬೀಜಗಳಲ್ಲಿ ಸಾಧಿಸಿದ್ದನ್ನು ಕಟ್ಟಿಗೆಯಲ್ಲಿ ಸಾಧಿಸಿಲ್ಲ.

ಕಿಣ್ವವೆಂದರೆ ಜೀವಿಗಳು ತಯಾರಿಸುವ, ಒಂದು ನಿರ್ದಿಷ್ಟ ರಾಸಾಯನಿಕ ಕ್ರಿಯೆಯನ್ನು ಹಲವು ಪಟ್ಟು ವೇಗಗೊಳಿಸಿಯೂ ತಾನು ಖರ್ಚಾಗದೆ ಉಳಿಯುವ ಪ್ರೋಟೀನು. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಜಾನ್ ಫ್ರಾನ್ಸ್ವಾ ಪರ್ಸೋ 1833ರಲ್ಲಿ ಮೊಳಕೆ ಬಂದ ಬಾರ್ಲಿಯ ಸಾರದಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ಪದಾರ್ಥವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂಬ ಹೆಸರಿಟ್ಟರು. ಬೇರ್ಪಡಿಸಲಾದ ಮೊದಲ ಕಿಣ್ವವೆಂದು ವಿಜ್ಞಾನದ ಚರಿತ್ರೆ ಗುರುತಿಸುವುದು ಇದನ್ನೇ. ಅದೇ ಪಾಯೆನ್ 1838ರಲ್ಲಿ ಸಸ್ಯಗಳ ಗೋಡೆಗೆ ಆಧಾರವಾದ ಸೆಲ್ಯುಲೋಸನ್ನು ಗುರುತಿಸಿ ವಿವರಿಸಿದನು. ಗೋಡೆಯೂ ಕಿಣ್ವವೂ ಹೀಗೆ ಒಬ್ಬನ ಕೈಯಲ್ಲೇ ಸಿಕ್ಕಿದ್ದರೂ ಆತನ ಕಿಣ್ವ ಆ ಗೋಡೆಗೆ ಏನನ್ನೂ ಮಾಡಲಾರದಾಗಿತ್ತು. ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳಿಂದ ಕಟ್ಟಲ್ಪಟ್ಟಿದ್ದರೂ, ಅಣುವಿಗೂ ಅಣುವಿಗೂ ನಡುವಿನ ಕೊಂಡಿ ಒಂದರಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಬೇರೊಂದು ಬಗೆಯಾಗಿ ತಿರುಗಿರುತ್ತದೆ. ಅಷ್ಟೇ ವ್ಯತ್ಯಾಸದಿಂದ ಮನುಷ್ಯ ಅನ್ನವನ್ನು ಅರಗಿಸಿಕೊಳ್ಳಬಲ್ಲ, ಹುಲ್ಲನ್ನು ಅರಗಿಸಿಕೊಳ್ಳಲಾರ. ಕಿಣ್ವದ ಈ ಕಟ್ಟುನಿಟ್ಟು, ಅಂದರೆ ತನ್ನದಾದ ಕೊಂಡಿಯನ್ನು ಬಿಟ್ಟು ಬೇರೇನನ್ನೂ ಮುಟ್ಟದ ಗುಣವೇ, ಇಲ್ಲಿ ಹೇಳಹೊರಟಿರುವ ವಿಧಾನದ ಬಲವೂ ಹೌದು, ಮಿತಿಯೂ ಹೌದು. ಜೀವಂತ ಕೋಶವಿಲ್ಲದೆಯೂ ಕಿಣ್ವ ಕೆಲಸ ಮಾಡುತ್ತದೆಂಬುದನ್ನು 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟಿನ ಕೋಶರಹಿತ ರಸದಿಂದ ಸಕ್ಕರೆಯನ್ನು ಹುದುಗಿಸಿ ತೋರಿಸಿದ ಬಳಿಕ, ಕಿಣ್ವವನ್ನು ಜೀವಿಯಿಂದ ತೆಗೆದು ಬೇಕಾದ ಕಡೆ ಬಳಸುವ ಉದ್ಯಮಕ್ಕೆ ತಳಹದಿ ಬಿದ್ದಿತು.

ಹಾಗಾದರೆ ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ಎಲ್ಲಿ ಸಿಗಬೇಕು? ಅದನ್ನು ತಿಂದು ಬದುಕುವ ಜೀವಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಪೆಸಿಫಿಕ್ಕಿನ ಸಾಲೊಮನ್ ದ್ವೀಪಸಮೂಹದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳೂ ಸಲಕರಣೆಗಳೂ ಬಹುಬೇಗನೆ ಶಿಥಿಲವಾಗತೊಡಗಿದ್ದರಿಂದ, ಕಾರಣ ಹುಡುಕಲು ಸೇನೆಯೇ ಪ್ರಯೋಗಾಲಯವನ್ನು ತೆರೆಯಬೇಕಾಯಿತು. ಹತ್ತಿಯೆಂದರೆ ಬಹುಪಾಲು ಶುದ್ಧ ಸೆಲ್ಯುಲೋಸ್. ಅದನ್ನು ತಿನ್ನುತ್ತಿದ್ದ ಅಪರಾಧಿಗಳಲ್ಲಿ ಒಂದು ಹಸಿರು ಬೂಷ್ಟು, ಅಂದರೆ ಟ್ರೈಕೊಡರ್ಮಾ ಕುಲದ ಶಿಲೀಂಧ್ರ. ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸಿನ ನೇಟಿಕ್‌ನಲ್ಲಿ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿ, ಅದು ಸ್ರವಿಸುವ ಸೆಲ್ಯುಲೇಸ್ ಎಂಬ ಕಿಣ್ವಗಳ ಗುಂಪನ್ನು ವಿವರಿಸಿದರು; ರೀಸ್‌ನ ಗೌರವಾರ್ಥ ಆ ಪ್ರಭೇದಕ್ಕೆ 1977ರಲ್ಲಿ ಟ್ರೈಕೊಡರ್ಮಾ ರೀಸೈ ಎಂದು ಹೆಸರಾಯಿತು. ಇಂದು ಸಸ್ಯಸಾರ ತೆಗೆಯಲು ಮಾರುಕಟ್ಟೆಯಲ್ಲಿ ಸಿಗುವ ಸೆಲ್ಯುಲೇಸ್‌ನ ಬಹುದೊಡ್ಡ ಮೂಲ ಆ ಡೇರೆ ತಿನ್ನುವ ಬೂಷ್ಟಿನ ವಂಶವೇ. ಸೇನೆಗೆ ಶತ್ರುವಾಗಿದ್ದದ್ದು ಹೀಗೆ ಉದ್ಯಮಕ್ಕೆ ಆಳಾಯಿತು. ಪೆಕ್ಟಿನ್ನನ್ನು ಕರಗಿಸುವ ಪೆಕ್ಟಿನೇಸ್‌ಗಾಗಿ ಹಣ್ಣು, ಈರುಳ್ಳಿಗಳ ಮೇಲೆ ಕರಿಬೂಷ್ಟಾಗಿ ಬೆಳೆಯುವ ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರವನ್ನು ಆಶ್ರಯಿಸಲಾಗಿದೆ, ಮತ್ತು ಸೇಬಿನ ರಸವನ್ನು ತಿಳಿಯಾಗಿಸಲು ಇಂಥ ಕಿಣ್ವಗಳನ್ನು ಬಳಸುವ ಪದ್ಧತಿ 1930ರ ದಶಕದಷ್ಟು ಹಳೆಯದು.

ಹೆಸರು ತಿಳಿಯದೆಯೇ ಕಿಣ್ವಗಳಿಂದ ಕೆಲಸ ಮಾಡಿಸಿಕೊಳ್ಳುವ ರೂಢಿ ಕರ್ನಾಟಕದಲ್ಲಿಯೂ ಉಂಟು. ಕೊಡಗು, ಚಿಕ್ಕಮಗಳೂರುಗಳ ತೋಟಗಳಲ್ಲಿ ಪಲ್ಪಿಂಗ್ ಆದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿಬೀಜವನ್ನು ತೊಟ್ಟಿಯಲ್ಲಿ ಒಂದೆರಡು ದಿನ ಬಿಡುವುದು ಬೀಜಕ್ಕಂಟಿದ ಲೋಳೆಯನ್ನು ಸೂಕ್ಷ್ಮಜೀವಿಗಳ ಪೆಕ್ಟಿನೇಸ್ ಸಡಿಲಿಸಲೆಂದೇ. ಹಣ್ಣಾದ ಕಾಳುಮೆಣಸನ್ನು ವಾರಕಾಲ ನೀರಿನಲ್ಲಿ ಕೊಳೆಯಲಿಟ್ಟು ಸಿಪ್ಪೆ ಕಳಚಿ ಬಿಳಿ ಮೆಣಸು ಮಾಡುವುದೂ ಅದೇ ತತ್ತ್ವದಿಂದ. ಇವುಗಳಿಗಿಂತ ಗಮನಾರ್ಹವಾದದ್ದು ಮೊಳಕೆ ರಾಗಿ. ರಾಗಿಯ ಹೊರಪದರದಲ್ಲಿ ಫೆರುಲಿಕ್ ಆಮ್ಲವು ಹೆಮಿಸೆಲ್ಯುಲೋಸಿನ ಸರಪಳಿಗೆ ರಾಸಾಯನಿಕ ಕೊಂಡಿಯಿಂದ ಬಂಧಿತವಾಗಿರುತ್ತದೆ. ಎಷ್ಟೇ ನುಣ್ಣಗೆ ಬೀಸಿದರೂ ಈ ಕೊಂಡಿ ಬಿಡುವುದಿಲ್ಲ. ಕಾಳು ಮೊಳೆಯುವಾಗ ಮಾತ್ರ ಅದರೊಳಗಿನ ಕಿಣ್ವಗಳು ಎಚ್ಚೆತ್ತು ತಮ್ಮದೇ ಗೋಡೆಯನ್ನು ಕತ್ತರಿಸತೊಡಗುತ್ತವೆ. 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ನಡೆದುಬಂದಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಅಧ್ಯಯನಗಳು, ಮೊಳಕೆಯೊಡೆದ ರಾಗಿಯಲ್ಲಿ ಫೆರುಲಿಕ್ ಆಮ್ಲದಂಥ ಬಂಧಿತ ಫಿನಾಲಿಕ್ ಆಮ್ಲಗಳು ಕಡಿಮೆಯಾಗಿ ಬಿಡಿ ಆಮ್ಲಗಳು ಹೆಚ್ಚುವುದನ್ನು ದಾಖಲಿಸಿವೆ. ಅದೇ ಸಂಸ್ಥೆಯಲ್ಲಿ ಬೆಳ್ಳುಳ್ಳಿಯನ್ನು ಆವಿಯಲ್ಲಿ ಬಟ್ಟಿಯಿಳಿಸುವ ಮೊದಲು ಕಿಣ್ವಗಳಿಂದ ಸಂಸ್ಕರಿಸಿದಾಗ ತೈಲದ ಇಳುವರಿ ಹೆಚ್ಚಿತೆಂಬುದೂ ಕಂಡುಬಂದಿದೆ.

ಚೆಂಡುಹೂವಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ, ಏಕೆಂದರೆ ಚಾಮರಾಜನಗರ, ಹಾವೇರಿ, ದಾವಣಗೆರೆ ಮುಂತಾದ ಜಿಲ್ಲೆಗಳ ರೈತರು ಒಪ್ಪಂದದ ಮೇಲೆ ಕಾರ್ಖಾನೆಗಳಿಗಾಗಿ ಈ ಹೂವನ್ನು ಬೆಳೆಯುತ್ತಾರೆ. ಗುಂಡ್ಲುಪೇಟೆಯ ಹೆದ್ದಾರಿಯ ಬದಿಯಲ್ಲಿ ಮಳೆಗಾಲದಲ್ಲಿ ಪ್ರವಾಸಿಗರು ನಿಂತು ಚಿತ್ರ ತೆಗೆದುಕೊಳ್ಳುವ ಕೇಸರಿ ಹೊಲಗಳ ಹೂವಿನಲ್ಲಿ ಬಹುಪಾಲು ದೇವರ ಮುಡಿಗೆ ಹೋಗುವುದಲ್ಲ. ಅದರ ದಳಗಳಲ್ಲಿರುವ ಲ್ಯೂಟೀನ್ ಎಂಬ ವರ್ಣದ್ರವ್ಯವು ಕೋಳಿಮೊಟ್ಟೆಯ ಹಳದಿಗೆ ರಂಗೇರಿಸುವ ಮೇವಿಗೂ ಕಣ್ಣಿನ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಗುಳಿಗೆಗೂ ಸೇರುತ್ತದೆ. ದಳದ ಕೋಶಗಳಲ್ಲಿ ಲ್ಯೂಟೀನ್ ಬಿಡಿಯಾಗಿರದೆ ಪಾಲ್ಮಿಟಿಕ್, ಮಿರಿಸ್ಟಿಕ್ ಮುಂತಾದ ಕೊಬ್ಬಿನ ಆಮ್ಲಗಳೊಡನೆ ಕೂಡಿಕೊಂಡು, ವರ್ಣಕಣಗಳೆಂಬ ಸಣ್ಣ ಚೀಲಗಳಲ್ಲಿ ಎಣ್ಣೆಯಂತೆ ಕುಳಿತಿರುತ್ತದೆ.

ರೂಢಿಯ ವಿಧಾನದಲ್ಲಿ ಬಿಡಿಸಿದ ಹೂವನ್ನು ಗುಂಡಿಗಳಲ್ಲಿ ಒತ್ತಾಗಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕೆಲವು ವಾರ ಹುದುಗಲು ಬಿಡುತ್ತಾರೆ. ದನದ ಮೇವಿಗೆ ಮಾಡುವ ರಸಮೇವಿನ, ಅಂದರೆ ಸೈಲೇಜಿನ ಕ್ರಮವೇ ಇದು. ಅನಂತರ ಹಿಂಡಿ, ಒಣಗಿಸಿ, ಉಂಡೆಕಟ್ಟಿ, ಹೆಕ್ಸೇನ್‌ನಲ್ಲಿ ನೆನೆಸಿದಾಗ ಓಲಿಯೋರೆಸಿನ್ ಎಂಬ ಕಡುಬಣ್ಣದ ಅಂಟುಸಾರ ದೊರೆಯುತ್ತದೆ. ಅದನ್ನು ಕ್ಷಾರದೊಂದಿಗೆ ಕಾಯಿಸಿ ಕೊಬ್ಬಿನ ಆಮ್ಲವನ್ನು ಬಿಡಿಸಿದ ಮೇಲೆ ಶುದ್ಧ ಲ್ಯೂಟೀನ್ ಹರಳುಗಟ್ಟುತ್ತದೆ. ಗುಂಡಿಯಲ್ಲಿ ಹುದುಗಿಸುವುದು ಹೂವು ಕೊಳೆಯದಂತೆ ಕಾಪಾಡಲು ಮಾತ್ರವೆಂದು ಬಹಳ ಕಾಲ ತಿಳಿಯಲಾಗಿತ್ತು. ವಾಸ್ತವದಲ್ಲಿ ಆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ದಳದ ಕೋಶಭಿತ್ತಿಯನ್ನು ಮೆಲ್ಲಗೆ ಸಡಿಲಿಸುತ್ತಿರುತ್ತವೆ, ಮತ್ತು ಆ ಕೆಲಸವನ್ನು ಸೂಕ್ಷ್ಮಜೀವಿಗಳ ಇಚ್ಛೆಗೆ ಬಿಡದೆ ಸೆಲ್ಯುಲೇಸ್, ಹೆಮಿಸೆಲ್ಯುಲೇಸ್, ಪೆಕ್ಟಿನೇಸ್‌ಗಳ ಮಿಶ್ರಣವನ್ನು ಲೆಕ್ಕ ಹಾಕಿ ಬೆರೆಸಿದರೆ ಹೆಚ್ಚು ಬಣ್ಣ ಕೈಸೇರುತ್ತದೆ. ಮೆಕ್ಸಿಕೊ ದೇಶ ಚೆಂಡುಹೂವಿನ ತವರು. ಅಲ್ಲಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುದುಗಿಸುವುದನ್ನೂ ಒಣಗಿಸುವುದನ್ನೂ ಕೈಬಿಟ್ಟು, ತಾಜಾ ಹೂವಿಗೆ ಕಿಣ್ವವನ್ನೂ ಹೆಕ್ಸೇನನ್ನೂ ಒಟ್ಟಿಗೇ ಸೇರಿಸುವ ಕ್ರಮವನ್ನು 2002ರಲ್ಲಿ ಪ್ರಕಟಿಸಿದರು. ಒಣಗಿಸುವ ಹಂತದ ಬಿಸಿ, ಬೆಳಕು, ಗಾಳಿಗಳಲ್ಲಿ ನಾಶವಾಗುವ ಬಣ್ಣ ಇದರಿಂದ ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಿಣ್ವದ ವಿಧಾನವೆಂದರೆ ರಾಸಾಯನಿಕ ದ್ರಾವಕಕ್ಕೆ ವಿದಾಯ ಎಂಬ ಪ್ರಚಾರ ಆಗಾಗ ಕಿವಿಗೆ ಬೀಳುತ್ತದೆ. ಚೆಂಡುಹೂವಿನ ಮಟ್ಟಿಗೆ ಅದು ನಿಜವಲ್ಲ. ಲ್ಯೂಟೀನ್ ನೀರಿನಲ್ಲಿ ಕರಗುವ ಪದಾರ್ಥವಲ್ಲವಾದುದರಿಂದ ಕಿಣ್ವವು ಗೋಡೆಯನ್ನು ತೆರೆದ ಮೇಲೂ ಅದನ್ನು ಎತ್ತಿಕೊಳ್ಳಲು ಎಣ್ಣೆಯ ಸ್ವಭಾವದ ದ್ರಾವಕವೊಂದು ಬೇಕೇ ಬೇಕು. ನೀರಿನಲ್ಲಿ ಕರಗುವ ಸಕ್ಕರೆಸರಪಳಿಗಳು, ಫಿನಾಲ್ ಸಂಯುಕ್ತಗಳು, ಕೆಲವು ಪ್ರೋಟೀನುಗಳ ವಿಷಯದಲ್ಲಿ ಮಾತ್ರ ಕಿಣ್ವ ಮತ್ತು ನೀರು ಎರಡೇ ಸಾಕಾಗಬಲ್ಲವು.

ಕಡಲಿಗೆ ಇಳಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ಕಡಲಕಳೆಯೆಂದು ಕರೆಯಲ್ಪಡುವ ದೊಡ್ಡ ಪಾಚಿಗಳ ಗೋಡೆಯಲ್ಲಿ ಸೆಲ್ಯುಲೋಸಿನ ಪಾಲು ಕಿರಿದು. ಕಂದು ಪಾಚಿಗಳಲ್ಲಿ ಗೋಡೆಯ ಮುಖ್ಯ ಸಾಮಗ್ರಿ ಆಲ್ಜಿನೇಟ್. ಸ್ಕಾಟ್ಲೆಂಡಿನ ಕಡಲಕಳೆಗಳಿಂದ ಇದನ್ನು ಮೊದಲು ತೆಗೆದವನು 1880ರ ದಶಕದಲ್ಲಿ ಎಡ್ವರ್ಡ್ ಸ್ಟ್ಯಾನ್‌ಫರ್ಡ್. ಅದರೊಂದಿಗೆ ಹೆಣೆದುಕೊಂಡಿರುವ, ಗಂಧಕದ ಅಂಶವುಳ್ಳ ಫ್ಯೂಕಾಯ್ಡಾನನ್ನು ಸ್ವೀಡನ್ನಿನ ಹರಾಲ್ಡ್ ಕ್ಯೂಲಿನ್ 1913ರಲ್ಲಿ ವರ್ಣಿಸಿದನು. ಕೆಂಪು ಪಾಚಿಗಳಲ್ಲಿ ಆಲ್ಜಿನೇಟ್ ಇಲ್ಲ, ಅಲ್ಲಿರುವುದು ಅಗರ್ ಇಲ್ಲವೆ ಕ್ಯಾರಜೀನನ್. ನೆಲದ ಬೂಷ್ಟುಗಳಿಗೆ ಈ ಪದಾರ್ಥಗಳ ಪರಿಚಯವಿಲ್ಲದ ಕಾರಣ ಹೂವಿಗೆ ಒದಗಿದ ಕಿಣ್ವಮಿಶ್ರಣವನ್ನೇ ಕಡಲಕಳೆಗೆ ಸುರಿದರೆ ಫಲ ಅರೆಬರೆ. ಆಲ್ಜಿನೇಟನ್ನು ಕತ್ತರಿಸುವ ಲಯೇಸ್ ಎಂಬ ಕಿಣ್ವಕ್ಕಾಗಿ ಕಡಲಿನ ಬ್ಯಾಕ್ಟೀರಿಯಗಳನ್ನೂ, ಪಾಚಿಯನ್ನೇ ಮೇಯ್ದು ಬದುಕುವ ಅಬಲೋನಿಯೆಂಬ ಚಿಪ್ಪುಜೀವಿಯ ಕರುಳನ್ನೂ ಹುಡುಕಬೇಕಾಯಿತು.

ಯಾವ ಪಾಚಿಗೆ ಯಾವ ಕಿಣ್ವವೆಂಬುದು ಎಷ್ಟು ಸೂಕ್ಷ್ಮವೆಂಬುದಕ್ಕೆ ಉತ್ತರ ಅಟ್ಲಾಂಟಿಕ್ ತೀರದಲ್ಲಿ ಜನರು ತಿನ್ನುವ ಡಲ್ಸ್ ಎಂಬ ಕೆಂಪು ಪಾಚಿ ಸಾಕ್ಷಿ. ಕೆಂಪು ಪಾಚಿಯಾದರೂ ಅದರ ಗೋಡೆಯಲ್ಲಿ ಪ್ರಧಾನವಾಗಿರುವುದು ಅಗರ್ ಅಲ್ಲ, ಕ್ಯಾರಜೀನನ್ ಅಲ್ಲ, ಕ್ಸೈಲಾನ್ ಎಂಬ ಬೇರೆಯೇ ಸಕ್ಕರೆಸರಪಳಿ. ಆದುದರಿಂದ ಫ್ರಾನ್ಸಿನ ಸಂಶೋಧಕರು ಅದರ ಗುಲಾಬಿ ಬಣ್ಣದ ಫೈಕೊಎರಿಥ್ರಿನ್ ಎಂಬ ಪ್ರೋಟೀನನ್ನು ಪಡೆಯಲು ಕ್ಸೈಲನೇಸ್ ಕಿಣ್ವವನ್ನು ಬಳಸಿದಾಗ ಇಳುವರಿ ಎದ್ದು ಕಾಣುವಷ್ಟು ಹೆಚ್ಚಿತು. ಗೋಡೆಯ ಸ್ವರೂಪವನ್ನು ಅರಿಯದೆ ಕಿಣ್ವವನ್ನು ಖರೀದಿಸುವುದು ವ್ಯರ್ಥವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ದಕ್ಷಿಣ ಕೊರಿಯದ ಜೇಜು ದ್ವೀಪದ ವಿಜ್ಞಾನಿಗಳು ಎಕ್ಲೋನಿಯಾ ಕಾವಾ ಮೊದಲಾದ ಕಂದು ಪಾಚಿಗಳ ಮೇಲೆ 2000ದ ಬಳಿಕದ ವರ್ಷಗಳಲ್ಲಿ ನಡೆಸಿದ ಪ್ರಯೋಗಗಳು ಇನ್ನೊಂದು ದಿಕ್ಕಿನವು: ಸಕ್ಕರೆಸರಪಳಿ ಕತ್ತರಿಸುವ ಕಿಣ್ವಗಳಂತೆಯೇ ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್‌ಗಳೂ ಉತ್ಕರ್ಷಣವನ್ನು ತಡೆಯುವ ಸಾರಗಳನ್ನು ಬಿಡಿಸಿಕೊಟ್ಟವು, ಏಕೆಂದರೆ ಪಾಚಿಯ ಗೋಡೆಯಲ್ಲಿ ಪ್ರೋಟೀನುಗಳು ಫಿನಾಲ್ ಸಂಯುಕ್ತಗಳೊಡನೆ ಸಿಕ್ಕುಬಿದ್ದಿರುತ್ತವೆ.

ತಿನ್ನುವ ಜೀವಿಯ ಬಳಿಯೇ ಕಿಣ್ವವಿರುತ್ತದೆಂಬ ನಿಯಮ ಮನುಷ್ಯನಿಗೂ ಅನ್ವಯಿಸಿದ್ದುಂಟು. ಫ್ರಾನ್ಸಿನ ರೋಸ್ಕಾಫ್ ಕಡಲ ಸಂಶೋಧನಾ ಕೇಂದ್ರದವರು 2010ರಲ್ಲಿ ಝೊಬೆಲಿಯಾ ಎಂಬ ಕಡಲ ಬ್ಯಾಕ್ಟೀರಿಯದಲ್ಲಿ, ಜಪಾನಿಯರು ತಿನ್ನುವ ನೋರಿ ಎಂಬ ಕೆಂಪು ಪಾಚಿಯ ಗೋಡೆಯಲ್ಲಿರುವ ಪೋರ್ಫಿರಾನ್ ಎಂಬ ಸಕ್ಕರೆಸರಪಳಿಯನ್ನು ಕತ್ತರಿಸುವ ಕಿಣ್ವವನ್ನು ಗುರುತಿಸಿದರು. ಹುಡುಕುತ್ತ ಹೋದಾಗ ಅದೇ ಕಿಣ್ವದ ವಂಶವಾಹಿ ಜಪಾನಿಯರ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯದಲ್ಲೂ ಸಿಕ್ಕಿತು, ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕದವರಲ್ಲಿ ಸಿಗಲಿಲ್ಲ. ತಲೆತಲಾಂತರದಿಂದ ಹಸಿ ನೋರಿಯನ್ನು ಉಂಡವರ ಹೊಟ್ಟೆಗೆ ಕಡಲ ಬ್ಯಾಕ್ಟೀರಿಯವೂ ಸೇರಿ, ಅದರ ವಂಶವಾಹಿ ಕರುಳಿನ ಬ್ಯಾಕ್ಟೀರಿಯಕ್ಕೆ ದಾಟಿತೆಂಬುದು ಅವರ ವಿವರಣೆ.

ಭಾರತದಲ್ಲಿ ತಮಿಳುನಾಡಿನ ಮಂಡಪಂ ಸುತ್ತಿನ ಕರಾವಳಿಯಲ್ಲಿ ಬಿದಿರಿನ ತೆಪ್ಪಗಳ ಮೇಲೆ ಬೆಳೆಸುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯ ವಿಷಯದಲ್ಲಿ ಪ್ರಶ್ನೆಯೇ ತಿರುಗುಮುರುಗಾಗುತ್ತದೆ. ಐಸ್‌ಕ್ರೀಂ, ಟೂತ್‌ಪೇಸ್ಟುಗಳನ್ನು ಮಂದವಾಗಿಸುವ ಕ್ಯಾರಜೀನನ್ ಅಲ್ಲಿ ಬೇಕಾಗಿರುವ ಸರಕು, ಮತ್ತು ಅದು ಗೋಡೆಯಲ್ಲೇ ಇರುವುದರಿಂದ ಗೋಡೆಯನ್ನು ಕರಗಿಸುವ ಕಿಣ್ವ ಅಲ್ಲಿ ಶತ್ರು. ಸೆಲ್ಯುಲೋಸನ್ನಷ್ಟೇ ತೆಗೆದು ಕ್ಯಾರಜೀನನ್ ಮುಟ್ಟದ ಕಿಣ್ವ ಮಾತ್ರ ಆಗಬಹುದು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯವರಾದರೋ ತಾಜಾ ಪಾಚಿಯನ್ನು ನೇರವಾಗಿ ಅರೆದು, ರಸವನ್ನು ಬೆಳೆಗಳಿಗೆ ಸಿಂಪಡಿಸುವ ದ್ರವವಾಗಿಯೂ ಚರಟವನ್ನು ಕ್ಯಾರಜೀನನ್‌ಗಾಗಿಯೂ ಬಳಸುವ ಸರಳ ದಾರಿಯನ್ನು ಕಂಡುಕೊಂಡಿದ್ದಾರೆ. ಕಿಣ್ವವಿಲ್ಲದೆಯೂ ಮುಗಿಯುವ ಕೆಲಸಕ್ಕೆ ಕಿಣ್ವ ಬಳಸುವುದು ಜಾಣತನವಲ್ಲ. ಪಾಚಿಯೆಂದು ಕರೆಯಲಾಗುವ ಸ್ಪಿರುಲಿನಾದ ವಿಷಯವೂ ಹಾಗೆಯೇ. ಅದು ವಾಸ್ತವವಾಗಿ ಬ್ಯಾಕ್ಟೀರಿಯದ ಜಾತಿಗೆ ಸೇರಿದ್ದು, ಗೋಡೆಯಲ್ಲಿ ಸೆಲ್ಯುಲೋಸ್ ಇಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ವರದಿ ಮಾಡಿದ, ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಇರುವ ಲೈಸೊಜೈಮ್ ಕಿಣ್ವ ಅದಕ್ಕೆ ನಾಟುತ್ತದಾದರೂ, ಹೆಪ್ಪುಗಟ್ಟಿಸಿ ಕರಗಿಸುವುದನ್ನು ಒಂದೆರಡು ಸಲ ಮಾಡಿದರೆ ಅದರ ನೀಲಿ ಬಣ್ಣದ ಫೈಕೊಸಯನಿನ್ ತಾನಾಗಿಯೇ ನೀರಿಗಿಳಿಯುತ್ತದೆ. ಇದಕ್ಕೆ ತೀರ ವಿರುದ್ಧವಾದದ್ದು ಅಸ್ಟಾಜ್ಯಾಂಥಿನ್ ಎಂಬ ಕೆಂಪು ವರ್ಣದ್ರವ್ಯವನ್ನು ತುಂಬಿಕೊಳ್ಳುವ ಹೆಮಟೊಕಾಕಸ್ ಎಂಬ ಸೂಕ್ಷ್ಮಪಾಚಿ. ಬಿಸಿಲು ಹೆಚ್ಚಿ ಪೋಷಕಾಂಶ ಕುಗ್ಗಿದಾಗ ಅದು ಕಟ್ಟಿಕೊಳ್ಳುವ ದಪ್ಪ ಕವಚದಲ್ಲಿ ಆಲ್ಗೀನಾನ್ ಎಂಬ ಪದಾರ್ಥವಿದ್ದು, ಮಾರುಕಟ್ಟೆಯ ಸಾಮಾನ್ಯ ಕಿಣ್ವಗಳಿಗೆ ಅದು ಜಗ್ಗುವುದಿಲ್ಲ. ಉದ್ಯಮವು ಇಂದಿಗೂ ಅದನ್ನು ಯಂತ್ರಬಲದಿಂದಲೇ ಒಡೆಯುತ್ತದೆ.

ಕೆಲಸದ ಕ್ರಮ ಮೇಲ್ನೋಟಕ್ಕೆ ಸರಳ. ಪುಡಿಮಾಡಿದ ಸಾಮಗ್ರಿಯನ್ನು ನೀರಿನಲ್ಲಿ ಕಲಸಿ, ಶಿಲೀಂಧ್ರಮೂಲದ ಕಿಣ್ವಗಳಿಗೆ ಹಿತವಾದ 4.5ರಿಂದ 5.5ರ ಪಿಎಚ್‌ಗೆ, ಅಂದರೆ ತುಸು ಹುಳಿಯ ಸ್ಥಿತಿಗೆ ತಂದು, 45ರಿಂದ 55 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ಗಂಟೆ ಕಲಕುತ್ತಿದ್ದು, ಕೊನೆಗೆ ಬಿಸಿಯೇರಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿ ಸೋಸುತ್ತಾರೆ. ತೊಡಕುಗಳು ಅನಂತರ ಕಾಣಿಸಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಒಂದು ಪಾಲು ಸಾಮಗ್ರಿಗೆ ಹತ್ತಿಪ್ಪತ್ತು ಪಾಲು ನೀರು ಸುರಿಯುವುದು ಕಷ್ಟವಲ್ಲ. ಕಾರ್ಖಾನೆಯಲ್ಲಿ ಆ ನೀರನ್ನೆಲ್ಲ ಆವಿಯಾಗಿಸುವ ಖರ್ಚು ಕಿಣ್ವದಿಂದಾದ ಉಳಿತಾಯವನ್ನು ನುಂಗಿಹಾಕಬಲ್ಲದು. ಎರಡನೆಯದಾಗಿ ವ್ಯಾಪಾರದ ಕಿಣ್ವಗಳು ಸಾಮಾನ್ಯವಾಗಿ ಶುದ್ಧವಲ್ಲ. ದ್ರಾಕ್ಷಿ, ನೇರಳೆಗಳ ನೀಲಿಗೆಂಪು ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್ ತನಗಂಟಿದ ಸಕ್ಕರೆಯ ಅಣುವಿನಿಂದಾಗಿ ಸ್ಥಿರವಾಗಿರುತ್ತದೆ. ಪೆಕ್ಟಿನೇಸ್ ಪುಡಿಯಲ್ಲಿ ಬೀಟಾ ಗ್ಲೂಕೊಸಿಡೇಸ್ ಎಂಬ ಇನ್ನೊಂದು ಕಿಣ್ವ ಬೆರೆತಿದ್ದರೆ ಅದು ಆ ಸಕ್ಕರೆಯನ್ನು ಕಳಚಿಹಾಕುವುದರಿಂದ ಹೊರಬಂದ ಬಣ್ಣವೇ ಮಾಸಿಹೋಗುತ್ತದೆ. ವೆನಿಲಾ ಕೋಡಿನಲ್ಲಾದರೋ ಕೋಡಿನದೇ ಇಂಥ ಕಿಣ್ವವು ಗ್ಲೂಕೊವೆನಿಲಿನ್ನಿನಿಂದ ಸಕ್ಕರೆಯನ್ನು ಕಳಚಿದಾಗಲೇ ಪರಿಮಳ ಹುಟ್ಟುವುದು. ಹಸಿ ಕೋಡನ್ನು ಬಿಸಿನೀರಲ್ಲಿ ಅದ್ದಿ ವಾರಗಟ್ಟಲೆ ಬೆವರಿಸಿ ಒಣಗಿಸುವ ಶ್ರಮವೆಲ್ಲ ಅದಕ್ಕಾಗಿಯೇ. ಒಂದೇ ಬಗೆಯ ಕತ್ತರಿ ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ಹೊರತೆಗೆದ ಪದಾರ್ಥ ದೇಹಕ್ಕೆ ಎಷ್ಟು ಉಪಕಾರಿಯೆಂಬುದು ಹೊರತೆಗೆದ ಬಗೆಯಿಂದ ನಿರ್ಧಾರವಾಗುವುದಿಲ್ಲ. ಗಾಜಿನ ನಳಿಕೆಯಲ್ಲಿ ಉತ್ಕರ್ಷಣವನ್ನು ತಡೆದ ಸಾರವೆಲ್ಲ ಮನುಷ್ಯನ ರಕ್ತದಲ್ಲೂ ಹಾಗೆಯೇ ವರ್ತಿಸುತ್ತದೆಂದು ನಂಬಲು ಆಧಾರವಿಲ್ಲ, ಮತ್ತು ಪಾಚಿಸಾರಗಳ ಕುರಿತು ಪ್ರಕಟವಾಗುವ ಬಹುಪಾಲು ಹೊಗಳಿಕೆ ಈ ನಳಿಕೆಯ ಹಂತವನ್ನು ದಾಟಿಲ್ಲ. ಲ್ಯೂಟೀನ್ ಮಟ್ಟಿಗೆ ದೊಡ್ಡ ಪರೀಕ್ಷೆ ನಡೆದಿದೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯು, ವಯಸ್ಸಿನೊಂದಿಗೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಯು ತೀವ್ರಗೊಳ್ಳುವ ಅಪಾಯವಿದ್ದ 4,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲಿನಿಂದ ಕೊಡುತ್ತಿದ್ದ ಔಷಧಮಿಶ್ರಣಕ್ಕೆ ದಿನಕ್ಕೆ 10 ಮಿಲಿಗ್ರಾಂ ಲ್ಯೂಟೀನ್ ಮತ್ತು 2 ಮಿಲಿಗ್ರಾಂ ಜಿಯಾಜ್ಯಾಂಥಿನ್ ಎಂಬ ಅದರ ಸೋದರ ವರ್ಣದ್ರವ್ಯ ಸೇರಿಸಿದ್ದರಿಂದ ಒಟ್ಟಾರೆ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಧೂಮಪಾನ ಮಾಡಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ, ಆ ಮಿಶ್ರಣದಲ್ಲಿದ್ದ ಬೀಟಾ ಕ್ಯಾರೊಟೀನ್‌ಗೆ ಬದಲಿಯಾಗಿ ಇವು ಒದಗಿಬರುತ್ತವೆಂದು ತಿಳಿದುಬಂದಿತು. ಆ ಪರೀಕ್ಷೆ ರೋಗಿಗಳಿಗೆ ಸಂಬಂಧಿಸಿದ್ದು, ನೆಟ್ಟಗಿರುವ ಕಣ್ಣನ್ನು ಇನ್ನಷ್ಟು ಚುರುಕುಗೊಳಿಸುವ ಭರವಸೆ ಅದರಲ್ಲಿಲ್ಲ. ಆದುದರಿಂದ ಲ್ಯೂಟೀನ್ ಗುಳಿಗೆಯ ಡಬ್ಬಿಯನ್ನು ಕೈಗೆತ್ತಿಕೊಳ್ಳುವವರು ಅದರ ಮೇಲೆ ಮುದ್ರಿಸಿದ ಹಸಿರೆಲೆಯ ಚಿತ್ರವನ್ನು ಬದಿಗಿಟ್ಟು, ಹಿಂಬದಿಯಲ್ಲಿ ಎಷ್ಟು ಮಿಲಿಗ್ರಾಂ ಎಂದು ಬರೆದಿದೆ, ಜೊತೆಗೆ ಬೀಟಾ ಕ್ಯಾರೊಟೀನ್ ಇದೆಯೇ ಎಂಬುದನ್ನು ಓದಿಕೊಂಡು, ಕೊಳ್ಳುವ ಮೊದಲು ಕಣ್ಣಿನ ವೈದ್ಯರನ್ನು ವಿಚಾರಿಸಬೇಕು.